ಬಿಳಿಗೆರೆಯ ತೋಟದ ಮನೆಯಲ್ಲಿ ಉಕ್ಕಿದ ನೊರೆ

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳ ಮಾತು. ಅದಕ್ಕೂ ಬಹಳ ಮೊದಲೇ, ಕರಾವಳಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಡಲ ಜೀವಿಗಳ ತೊಟ್ಟಿಗಳನ್ನು ನೋಡಿಕೊಳ್ಳುವ ತಾಂತ್ರಿಕ ಸಹಾಯಕಿಯಾಗಿ ಸೇವೆ ಮುಗಿಸಿ, ನಾನು ಹುಟ್ಟೂರು ತಿಪಟೂರಿಗೆ ವಾಪಸು ಬಂದಿದ್ದೆ. ಕಡಲಿನಿಂದ ಇಷ್ಟು ದೂರದ ತೆಂಗಿನ ಸೀಮೆಯಲ್ಲಿ ನನ್ನ ವಿದ್ಯೆಯನ್ನು ಕೇಳುವವರು ಯಾರೂ ಇರಲಾರರು ಎಂದುಕೊಂಡಿದ್ದೆ. ಆ ಲೆಕ್ಕ ತಪ್ಪಾಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ಮನೆಯಲ್ಲೇ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಜೀವಂತ ಹವಳ ಸಾಕುವ ಕೆಲವರಿದ್ದರು. ಒಬ್ಬರಿಂದ ಒಬ್ಬರಿಗೆ ನನ್ನ ಫೋನ್ ನಂಬರು ಹರಡಿತು. ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಹೋಗಿ ನೀರು ಪರೀಕ್ಷೆ ಮಾಡಿ, ಯಂತ್ರಗಳನ್ನು ಬಿಚ್ಚಿ ತೊಳೆದು ಬರುವುದು ನನ್ನ ನಿವೃತ್ತಿಯ ಉದ್ಯೋಗವಾಯಿತು.

ಬಿಳಿಗೆರೆಯ ನಟರಾಜು ಅಂಥವರಲ್ಲೊಬ್ಬರು. ತಿಪಟೂರಿನಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಅಂಗಡಿ, ಊರಲ್ಲಿ ತೆಂಗಿನ ತೋಟ, ತೋಟದ ಅಂಚಿನಲ್ಲೇ ಮನೆ. ಮೋಟರು, ಪೈಪು, ವೈರಿನ ಕೆಲಸ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಹಾಗಾಗಿ ನಡುಮನೆಯ ಪಕ್ಕದ ಕೋಣೆಯಲ್ಲಿ ನಾನೂರು ಲೀಟರಿನ ತೊಟ್ಟಿಯನ್ನು ಸ್ವಂತ ಕೈಯಿಂದಲೇ ಕಟ್ಟಿ ನಿಲ್ಲಿಸಿದ್ದರು. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಜೋಡಿ ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್ ಮೀನು, ಬಂಡೆಯ ಸಂದಿನಲ್ಲಿ ನಾಲ್ಕಾರು ಸೀಗಡಿ, ನೀರಿನ ಓಟಕ್ಕೆ ತೂಗಾಡುವ ಹವಳಗಳು. ಅವರಿಗೂ ಅವರ ಹೆಂಡತಿ ಕುಸುಮಾಗೂ ಮಕ್ಕಳಿರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದರೆ ಇಬ್ಬರೂ ಆ ಕೋಣೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

ಇಂಥ ತೊಟ್ಟಿಯ ಬಹುಮುಖ್ಯ ಯಂತ್ರ ಪ್ರೋಟೀನ್ ಸ್ಕಿಮ್ಮರ್. ಬೆಲ್ಲದ ಪಾಕ ಕಾಯಿಸುವಾಗ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ನಾವು ಸೌಟಿನಿಂದ ತೆಗೆದುಹಾಕುತ್ತೇವೆ ಅಲ್ಲವೇ? ಸ್ಕಿಮ್ಮರ್ ಮಾಡುವುದೂ ಅದನ್ನೇ. ಒಂದು ಪಂಪು ಸಣ್ಣ ಕೊಳವೆಯಿಂದ ಗಾಳಿ ಎಳೆದು, ಉಪ್ಪುನೀರಿನೊಳಗೆ ಹಿಟ್ಟಿನಷ್ಟು ನುಣ್ಣನೆಯ ಗುಳ್ಳೆಗಳನ್ನು ಬಿಡುತ್ತದೆ. ಮೀನಿನ ಹೊಲಸು, ಉಳಿದ ಆಹಾರದ ಅಂಶ ಆ ಗುಳ್ಳೆಗಳಿಗೆ ಅಂಟಿಕೊಂಡು ಮೇಲೇರಿ, ತಲೆಯ ಮೇಲಿನ ಕಪ್ಪಿನಲ್ಲಿ ಕಡು ಟೀ ಬಣ್ಣದ ನೀರಾಗಿ ಸೇರುತ್ತದೆ. ಆ ನೀರು ಕೆಟ್ಟ ನಾತ ಹೊಡೆಯಬೇಕು. ನಾತ ಹೊಡೆದರೆ ಯಂತ್ರ ಸರಿಯಾಗಿದೆ ಎಂದು ಅರ್ಥ.

ಫೆಬ್ರವರಿಯ ಕೊನೆಯಲ್ಲಿ, ನಾನು ಅಮ್ಮಸಂದ್ರದಲ್ಲಿ ತಂಗಿಯ ಮನೆಯಲ್ಲಿದ್ದಾಗ, ನಟರಾಜು ಮೊದಲ ಸಲ ಫೋನ್ ಮಾಡಿದರು. "ಮೇಡಂ, ಸ್ಕಿಮ್ಮರ್ ಉಕ್ತಾ ಐತೆ. ಕಪ್ ತುಂಬಿ ನೆಲಕ್ಕೆಲ್ಲ ಹರೀತು." ಹೀಗಾಗಲು ಸಾಮಾನ್ಯ ಕಾರಣಗಳಿವೆ: ತೊಟ್ಟಿಯ ಕೆಳಗಿನ ಸಂಪಿನಲ್ಲಿ ನೀರಿನ ಮಟ್ಟ ಏರಿರುವುದು, ಯಾವುದೋ ಜೀವಿ ಮೂಲೆಯಲ್ಲಿ ಸತ್ತು ಕೊಳೆಯುತ್ತಿರುವುದು, ಆಹಾರ ಅತಿಯಾಗಿರುವುದು. ಒಂದೊಂದಾಗಿ ಕೇಳಿದೆ. ಯಾವುದೂ ಹೊಂದಲಿಲ್ಲ. ಪಂಪನ್ನು ವಿನೆಗರಿನಲ್ಲಿ ನೆನೆಸಿ ತೊಳೆಯಿರಿ, ನೀರಿನ ಕಲ್ಮಶ ಹೀರುವ ಕಾರ್ಬನ್ ಚೀಲ ಹಾಕಿ, ಒಂದಿಷ್ಟು ನೀರು ಬದಲಿಸಿ ಎಂದೆ. ಮಾರನೆಯ ದಿನ ನೊರೆ ಇಳಿಯಿತು. ಇಬ್ಬರೂ ಅದನ್ನು ಮರೆತೆವು.

ಎರಡನೆಯ ಸಲ ಫೋನ್ ಬಂದದ್ದು ಮಾರ್ಚಿನ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಈ ಸಲ ಮಾತಾಡಿದವರು ಕುಸುಮಾ. "ಬೇಗ ಬನ್ನಿ ಮೇಡಂ. ಸೀಗಡಿ ಎಲ್ಲಾ ಅಂಗಾತ ಬಿದ್ದವೆ. ಇವ್ರು ಬೇರೆ ಏನೇನೋ ಮಾತಾಡ್ತಾವ್ರೆ."

ನಾನು ಹೋದಾಗ ಕೋಣೆಯ ನೆಲದ ಮೇಲೆಲ್ಲ ಬಿಳಿ ನೊರೆ ಹರಡಿತ್ತು. ಸೀಗಡಿಗಳು ಅಂಗಾತ ಬಿದ್ದಿದ್ದವು. ಹವಳಗಳು ಮುಷ್ಟಿ ಬಿಗಿದಂತೆ ಮುದುಡಿಕೊಂಡಿದ್ದವು. ಟ್ಯಾಂಗ್ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಕಿವಿರು ಓಡಿಬಂದವರ ಎದೆಯಂತೆ ಬಡಿಯುತ್ತಿತ್ತು. ಕ್ಲೌನ್ ಜೋಡಿ ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿತ್ತು.

ಸ್ಕಿಮ್ಮರಿನ ಕಪ್ಪನ್ನು ಮೂಗಿನ ಹತ್ತಿರ ತಂದೆ. ನಾತವೇ ಇಲ್ಲ. ನೀರು ತೆಳ್ಳಗೆ, ಬೆಳ್ಳಗೆ. ತೊಟ್ಟಿಯ ನೀರನ್ನು ಒಂದು ಖಾಲಿ ಬಾಟಲಿಗೆ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಶುದ್ಧ ಉಪ್ಪುನೀರಾದರೆ ಗುಳ್ಳೆ ಕೂಡಲೇ ಒಡೆದುಹೋಗುತ್ತದೆ. ಇದು ನಿಂತೇ ಇತ್ತು. ನಾನು ಯೋಚಿಸದೆ ಬಾಯಿಬಿಟ್ಟೆ: "ಸೋಪಿನಂಥದ್ದು ಏನೋ ನೀರಿಗೆ ಸೇರಿದೆ."

ನಟರಾಜು ಅಷ್ಟಕ್ಕೇ ಕಾದಿದ್ದರು. "ನೋಡ್ದಾ? ನಾನು ಹೇಳ್ಲಿಲ್ವಾ?" ಎಂದು ಹೆಂಡತಿಯ ಕಡೆ ತಿರುಗಿದರು. ಆಮೇಲೆ ನನಗೆ, "ಕಿಟಕಿ ಮೆಶ್ ಅಂಚು ಕಿತ್ತೈತೆ ಮೇಡಂ. ಅಲ್ಲಿಂದ ಕೈ ಹಾಕಿದ್ರೆ ತೊಟ್ಟಿ ಸಿಗುತ್ತೆ. ನನ್ನ ಅಣ್ಣ ಅನ್ನಿಸ್ಕೊಂಡೋನು ಇದೇ ಕಿಟಕಿ ಹತ್ರ ನಿಂತಿದ್ದುನ್ನ ನಾನೇ ಕಣ್ಣಾರೆ ನೋಡಿವ್ನಿ. ಒಂದ್ಸಲ ಅಲ್ಲ. ಇವತ್ತು ಸ್ಟೇಷನ್ನಿಗೆ ಹೋಗೋದೇಯ" ಎಂದರು.

ಅಣ್ಣ ಬಸವರಾಜಪ್ಪನವರ ಮನೆ, ತೋಟ ಎರಡೂ ಗೋಡೆಯಾಚೆಯೇ. ಪಾಲಾದಾಗ ಬೋರ್‌ವೆಲ್ ಅಣ್ಣನ ಭಾಗಕ್ಕೆ ಹೋಯಿತೆಂದು ಶುರುವಾದ ಜಗಳ. ಅಲ್ಲಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಇಷ್ಟು ನನಗೆ ಗೊತ್ತಿತ್ತು.

ಮೊದಲು ಮೀನು ಉಳಿಯಬೇಕು. ಹೊಸ ನೀರಿಗೆಂದು ಅವರು ಡ್ರಮ್ಮಿನಲ್ಲಿ ಉಪ್ಪು ಕಲಸಿಟ್ಟಿದ್ದರು. ಮೂರೂ ಮೀನುಗಳನ್ನು ಆ ನೀರು ತುಂಬಿದ ಟಬ್ಬಿಗೆ ಬಿಟ್ಟು ಗಾಳಿ ಪಂಪು ಹಚ್ಚಿದೆವು. ಆದರೆ ಹವಳ, ಬಂಡೆ ಎಲ್ಲಾ ತೊಟ್ಟಿಯಲ್ಲೇ ಇದ್ದವು. ಇದ್ದ ನೀರು ಅದಕ್ಕೆ ಸಾಲದು. ಅಕ್ವೇರಿಯಂ ಉಪ್ಪಿನ ಚೀಲಗಳು ತಿಪಟೂರಿನ ಅಂಗಡಿಯಲ್ಲಿದ್ದವು. ನಟರಾಜು ಬೈಕ್ ಕೀ ತೆಗೆದುಕೊಂಡರು. "ಉಪ್ಪು ತತ್ತೀನಿ. ಬರ್ತಾ ಸ್ಟೇಷನ್ನಿಗೂ ಹೋಗಿ ಬತ್ತೀನಿ" ಎಂದು ಹೊರಟೇ ಹೋದರು.

ಬೈಕಿನ ಸದ್ದು ದೂರವಾದ ಮೇಲೆ ಕುಸುಮಾ ನನ್ನ ಕೈ ಹಿಡಿದುಕೊಂಡರು. "ಮೇಡಂ, ಭಾವ್ನೋರು ಅಂಥೋರಲ್ಲ ಕಣ್ರೀ. ಕಂಪ್ಲೇಂಟ್ ಅಂತ ಒಂದ್ಸಲ ಆದ್ರೆ ಇವ್ರಿಬ್ರೂ ಈ ಜನ್ಮಕ್ಕೆ ಸೇರಲ್ಲ. ನೀವು ಸೋಪು ಅಂದಿದ್ದು ತಪ್ಪಾಯ್ತು ಅಂತ ಹೇಳ್ಬುಡಿ. ನಿಮ್ಮ ಮಾತು ಕೇಳ್ತಾರೆ."

ಕೆಲಸದ ಉದ್ದಕ್ಕೂ ನಾನು ಎಷ್ಟೋ ತೊಟ್ಟಿಗಳ ಸಾವು ನೋಡಿದ್ದೆ. ಪ್ರಯೋಗಾಲಯದಲ್ಲಿ ಕಾರಣ ಹುಡುಕಿ ಹೇಳಿದರೆ ಮುಗಿಯಿತು. ಆ ಕಾರಣದಿಂದ ಯಾರ ಮನೆಯೂ ಒಡೆಯುತ್ತಿರಲಿಲ್ಲ. ಇಲ್ಲಿ ನನ್ನ ಬಾಯಿಂದ ಬಿದ್ದ ಒಂದು ಪದ ಬೈಕ್ ಏರಿ ಪೊಲೀಸ್ ಸ್ಟೇಷನ್ನಿನ ಕಡೆ ಹೋಗುತ್ತಿತ್ತು. ಆದರೂ ಇದ್ದದ್ದನ್ನು ಇಲ್ಲವೆನ್ನಲು ನನ್ನಿಂದಾಗದು. "ಸುಳ್ಳು ಹೇಳಲ್ಲ ಕುಸುಮಾ. ಆದ್ರೆ ಸೋಪು ಹೇಗೆ ಬಂತು ಅಂತ ಅವ್ರು ಬರೋದ್ರೊಳಗೆ ಹುಡುಕ್ತೀನಿ" ಎಂದೆ. ಆ ಭರವಸೆ ಕೊಡುವಾಗ ನನಗೇ ಧೈರ್ಯವಿರಲಿಲ್ಲ.

ಸ್ಕಿಮ್ಮರ್ ನಿಲ್ಲಿಸಲಿಲ್ಲ. ನೀರಿಗೆ ಸೋಪಿನಂಶ ಸೇರಿದಾಗ ನೊರೆಯ ಜೊತೆ ಅದನ್ನು ಹೊರಗೆ ಎಳೆಯುವ ಯಂತ್ರವೂ ಅದೇ. ಕಪ್ಪಿನ ತಳಕ್ಕೆ ಪೈಪು ಸಿಕ್ಕಿಸಿ ಉಕ್ಕಿದ್ದೆಲ್ಲ ಬಕೆಟ್ಟಿಗೆ ಬೀಳುವಂತೆ ಮಾಡಿದೆ. ಹೊಸ ಕಾರ್ಬನ್ ಇಟ್ಟೆ. ತೊಟ್ಟಿಯಿಂದ ಒಂದಷ್ಟು ನೀರು ತೆಗೆದು, ಡ್ರಮ್ಮಿನಲ್ಲಿ ಉಳಿದ ನೀರನ್ನು ತುಂಬಿದೆವು. ಕುಸುಮಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಗ್ಗಿನಿಂದ ನೀರು ಎತ್ತಿ ಹೊಯ್ಯುತ್ತಿದ್ದರು. ಸ್ವಲ್ಪ ಹೊತ್ತಿಗೆ ನೊರೆ ತಗ್ಗಿತು. ಒಂದು ಹವಳದ ತುದಿ ನಿಧಾನವಾಗಿ ಹೊರಗೆ ಇಣುಕಿತು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ, ನಮ್ಮಿಬ್ಬರ ಕಣ್ಣೆದುರೇ, ನೊರೆ ಮತ್ತೆ ಏರತೊಡಗಿತು.

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕಿಟಕಿಯ ಹತ್ತಿರ ಯಾರೂ ಇರಲಿಲ್ಲ. ನೀರಿಗೆ ಯಾರ ಕೈಯೂ ಹೋಗಿರಲಿಲ್ಲ. ಬಿಳಿ ನೊರೆ ಮಾತ್ರ ಕುದಿಯುವ ಹಾಲಿನಂತೆ ಕಪ್ಪಿನ ಕತ್ತು ದಾಟಿ ಮೇಲೇರುತ್ತಿತ್ತು. ಹೊರಬಂದಿದ್ದ ಹವಳ ಮತ್ತೆ ಒಳಗೆ ಸೇರಿಕೊಂಡಿತು. ಕುಸುಮಾ ಅಳುವುದಕ್ಕೇ ಶುರು ಮಾಡಿದರು.

ನಾನು ಎದ್ದು ನಿಂತೆ. ನೀರಿನಿಂದ ಬಂದಿಲ್ಲ, ಕೈಯಿಂದ ಬಂದಿಲ್ಲ. ಸ್ಕಿಮ್ಮರಿನೊಳಗೆ ಹೋಗುವುದು ಎರಡೇ: ನೀರು, ಗಾಳಿ. ಗಾಳಿ ಎಳೆಯುವ ಕೊಳವೆ ಎಲ್ಲಿದೆ ಎಂದು ನೋಡಿದೆ. ಯಂತ್ರದ ಪಕ್ಕದಲ್ಲೇ ಇರಬೇಕಾದ ಗೇಣುದ್ದದ ಕೊಳವೆಯ ಬದಲು ಉದ್ದನೆಯ ಪ್ಲಾಸ್ಟಿಕ್ ಪೈಪು ಸ್ಟ್ಯಾಂಡಿನ ಹಿಂದೆ ಇಳಿದು, ಗೋಡೆ ಹಿಡಿದು ಹತ್ತಿ, ಕಿಟಕಿಯ ಮೆಶ್ಶಿನ ಕಿತ್ತ ಅಂಚಿನಿಂದ ಹೊರಗೆ ಹೋಗಿತ್ತು. ನಾನು ಜನವರಿಯಲ್ಲಿ ಬಂದಾಗ ಅದಿರಲಿಲ್ಲ.

"ಇದು ಯಾವಾಗ ಹಾಕಿದ್ರು?"

"ಹೋದ ತಿಂಗ್ಳು. ಅದೇನೋ ವಿಡಿಯೋ ನೋಡಿದ್ರು. ಹೊರಗಡೆ ಗಾಳಿ ಕೊಟ್ರೆ ಒಳ್ಳೇದಂತೆ."

ಆ ಸಲಹೆ ಸುಳ್ಳಲ್ಲ. ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ನೀರಿನ ಪಿಎಚ್ ಇಳಿಯುತ್ತದೆ, ಹವಳಕ್ಕೆ ಅದು ಒಗ್ಗದು. ಹೊರಗಿನ ಗಾಳಿ ಎಳೆದುಕೊಂಡರೆ ಪಿಎಚ್ ಏರುತ್ತದೆ. ಆದರೆ ಹೊರಗಿನ ಗಾಳಿಯಲ್ಲಿ ಏನಿದೆ?

ಆಗ ಕಿವಿಗೆ ಬಿದ್ದದ್ದು ಗೋಡೆಯಾಚೆ ಮತ್ತೆ ಶುರುವಾಗಿದ್ದ ಇಂಜಿನ್ ಸದ್ದು. ಕಿಟಕಿಯಿಂದ ನೋಡಿದೆ. ಟ್ರಾಕ್ಟರಿಗೆ ಜೋಡಿಸಿದ ದೊಡ್ಡ ಟ್ಯಾಂಕು; ಒಬ್ಬ ಸ್ಪ್ರೇ ಗನ್ ಹಿಡಿದು ತೆಂಗಿನ ಗರಿಗಳ ಅಡಿಗೆ ಔಷಧಿ ಹೊಡೆಯುತ್ತಿದ್ದ. ಆ ಬೇಸಿಗೆಯಲ್ಲಿ ಈ ಸೀಮೆಯ ತೋಟಗಳಿಗೆ ಬಿಳಿನೊಣದ ಕಾಟ ವಿಪರೀತವಾಗಿತ್ತು. ನೊಣ ಗರಿಯ ಅಡಿಗೆ ಕೂತು ರಸ ಹೀರಿ, ಅದರ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು, ಹಸಿರು ಗರಿಯೆಲ್ಲ ಮಸಿ ಬಳಿದಂತಾಗುತ್ತಿತ್ತು. ಅದಕ್ಕೆ ಎಲ್ಲರೂ ಹೊಡೆಸುತ್ತಿದ್ದದ್ದು ಬೇವಿನೆಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲೆಂದು ಅದಕ್ಕೆ ಸೋಪು ಕಲಸುತ್ತಾರೆ.

ಹನಿಗಳು ಮಂಜಿನಂತೆ ಗಾಳಿಯಲ್ಲಿ ತೇಲಿ ನಮ್ಮ ಕಿಟಕಿಯ ಕಡೆ ಬರುತ್ತಿದ್ದವು. ನಾನು ಪೈಪನ್ನು ಒಳಗೆ ಎಳೆದುಕೊಂಡೆ. ತುದಿಯನ್ನು ಮೂಸಿದೆ. ಕಹಿ ಬೇವಿನ ವಾಸನೆ. ಬೆರಳಾಡಿಸಿದರೆ ಜಾರುತ್ತಿತ್ತು.

ಹೊರಗೋಡಿ ಗೋಡೆಯ ಬಳಿ ನಿಂತು ಕೂಗಿದೆ. "ಇಂಜಿನ್ ನಿಲ್ಸಿ! ಸ್ವಲ್ಪ ನಿಲ್ಸಿ!" ಗನ್ ಹಿಡಿದಿದ್ದವನು ದಂಡಿನಶಿವರದಿಂದ ಬಾಡಿಗೆಗೆ ಬಂದವನು, ಏನೂ ಅರ್ಥವಾಗದೆ ನಿಂತ. ಮರದ ಹಿಂದಿನಿಂದ ಬನಿಯನ್ ತೊಟ್ಟು ಪಂಚೆ ಉಟ್ಟ ಎತ್ತರದ ಮನುಷ್ಯರೊಬ್ಬರು ಬಂದು ಕೈ ಸನ್ನೆ ಮಾಡಿ ಇಂಜಿನ್ ನಿಲ್ಲಿಸಿದರು. ಅವರೇ ಬಸವರಾಜಪ್ಪ.

"ಯಾಕಮ್ಮಾ, ಏನಾಯ್ತು? ಕುಸುಮಾ ಚೆನ್ನಾಗವ್ಳಾ?"

ಅವರ ಮೊದಲ ಪ್ರಶ್ನೆ ಅದು. ನಾನು ಆದದ್ದನ್ನೆಲ್ಲ ಹೇಳಿದೆ. ತಮ್ಮನ ಅನುಮಾನವನ್ನೂ ಬಚ್ಚಿಡಲಿಲ್ಲ, ಕಿಟಕಿಯ ಬಳಿ ನಿಂತಿದ್ದಿರಾ ಎಂದೂ ಕೇಳಿದೆ. ಅವರ ಮುಖ ಕಪ್ಪಿಟ್ಟಿತು. "ನಿಂತ್ಕತಿದ್ದೆ ಕಣಮ್ಮ. ಆ ಬಣ್ಣದ ಮೀನು ಓಡಾಡದು ಕಾಣ್ತದೆ ಅಲ್ಲಿಂದ. ಒಳಿಕ್ಕೆ ಬಾ ಅಂತ ಕರಿಯೋರು ಯಾರು?" ಎಂದರು. ಆಮೇಲೆ, "ಈಗ ಅದುಕ್ಕೆ ಏನ್ ಬೇಕು ಹೇಳಿ" ಎಂದು ಕೇಳಿದರು.

ಬೇಕಾದದ್ದು ಶುದ್ಧ ನೀರು. ಬೋರಿನ ನೀರು ಗಡಸು, ನಡೆಯದು. ನಟರಾಜು ಅವರ ಮನೆಯ ಆರ್‌ಒ ಯಂತ್ರ ಹನಿ ಹನಿಯಾಗಿ ಬಿಡುತ್ತದೆ. ಊರಿನ ಕುಡಿಯುವ ನೀರಿನ ಘಟಕದ ನೀರಾದರೆ ತುರ್ತಿಗೆ ಆಗಬಹುದು ಎಂದೆ. ಅವರು ಔಷಧಿ ಹೊಡೆಯುವವನನ್ನು ಕಳಿಸಿ, ಮನೆಯಲ್ಲಿದ್ದ ಕ್ಯಾನುಗಳನ್ನೆಲ್ಲ ಗೂಡ್ಸ್ ಆಟೋ ಒಂದರಲ್ಲಿ ಹೇರಿಸಿಕೊಂಡು ಘಟಕದ ಕಡೆ ಹೋದರು.

ಕುಸುಮಾ ಗಂಡನಿಗೆ ಫೋನ್ ಮಾಡುತ್ತಲೇ ಇದ್ದರು. ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ನಾನು ಪೈಪಿನೊಳಕ್ಕೆ ಸ್ವಲ್ಪ ಶುದ್ಧ ನೀರು ಹೊಯ್ದು ಬಾಟಲಿಯಲ್ಲಿ ಹಿಡಿದಿಟ್ಟೆ. ನಟರಾಜು ಮಾತಿನಿಂದ ನಂಬುವವರಲ್ಲ; ಮೋಟರು ಬಿಚ್ಚಿ ನೋಡಿದ ಮೇಲೇ ಒಪ್ಪುವ ಮನುಷ್ಯ. ಟಬ್ಬಿನಲ್ಲಿದ್ದ ಟ್ಯಾಂಗ್ ಮೀನು ಅಷ್ಟರಲ್ಲಿ ಒಂದು ಬದಿಗೆ ವಾಲಿತ್ತು. ಅಂಗೈಯಲ್ಲಿ ಆನಿಸಿ ಗಾಳಿಕಲ್ಲಿನ ಗುಳ್ಳೆಗಳ ಎದುರು ಹಿಡಿದುಕೊಂಡು ಕೂತೆ. ಕೈಯೊಳಗೆ ಅದರ ಕಿವಿರಿನ ಬಡಿತ ನಿಧಾನವಾಗುತ್ತಾ ಬಂತು. ಕೊನೆಗೆ ನಿಂತಿತು.

ಬೈಕ್ ಮತ್ತು ಆಟೋ ಎರಡೂ ಒಟ್ಟಿಗೇ ಬಂದವು. ನಟರಾಜು ಉಪ್ಪಿನ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ, ಮುಂದೆಯೇ ಅಣ್ಣ ಎರಡು ಕೈಗೂ ನೀರಿನ ಕ್ಯಾನು ಹಿಡಿದು ಹೊಸಿಲು ದಾಟುತ್ತಿದ್ದರು. ಚೀಲ ದೊಪ್ಪನೆ ನೆಲಕ್ಕೆ ಬಿತ್ತು.

"ಇವ್ನನ್ನ ಒಳಿಕ್ಕೆ ಬುಟ್ಟೋರು ಯಾರು?" ಆ ಕೂಗಿಗೆ ಆಟೋದವನು ಇಂಜಿನ್ ಆರಿಸಿದ. "ಸ್ಟೇಷನ್ನಲ್ಲಿ ಸಾಹೇಬ್ರು ಇರ್ಲಿಲ್ಲ ಅಂತ ವಾಪಸ್ ಬಂದೆ. ಮಧ್ಯಾಹ್ನ ಬರ್ತಾರಂತೆ. ಅಷ್ಟ್ರೊಳಗೆ ಸಾಕ್ಷಿ ಅಳಿಸೋಕೆ ಬಂದವ್ನಾ?"

ಬಸವರಾಜಪ್ಪ ಕ್ಯಾನು ಇಳಿಸಿದರು. ಬಾಯಿ ತೆರೆದರೆ ಏನಾಗುತ್ತದೋ ಎಂದು ನನಗೆ ಭಯವಾಯಿತು. ನಡುವೆ ಹೋಗಿ ನಿಂತೆ.

"ನಾನು ಕರೆದೆ ನಟರಾಜು. ಮೊದ್ಲು ಇದನ್ನ ಅಲ್ಲಾಡ್ಸಿ." ಬಾಟಲಿಯನ್ನು ಅವರ ಕೈಗೆ ಕೊಟ್ಟೆ.

ಅವರು ಅನುಮಾನದಿಂದಲೇ ಅಲ್ಲಾಡಿಸಿದರು. ನೊರೆ ಬಾಟಲಿಯ ಕುತ್ತಿಗೆಯವರೆಗೆ ಏರಿ ನಿಂತಿತು. ಮುಚ್ಚಳ ತೆಗೆದು ಮೂಸಿದರು. ತೆಂಗಿನ ತೋಟದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ.

"ಬೇವಿನೆಣ್ಣೆ ಔಷಧಿ" ಎಂದರು. "ಅಂದ್ರೆ ಇವ್ನ ತೋಟದ್ದೇ. ಆಯ್ತಲ್ಲ?"

ಇಲ್ಲಿ ನಾನು ಪದಗಳನ್ನು ಆರಿಸಿ ಆಡಬೇಕಾಯಿತು. "ಹೌದು, ಅವ್ರ ತೋಟದ್ದೇ. ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಆ ನೀರು ನಾನು ಹಿಡಿದಿದ್ದು ಎಲ್ಲಿಂದ ಗೊತ್ತಾ? ನಿಮ್ಮ ಸ್ಕಿಮ್ಮರಿನ ಗಾಳಿ ಪೈಪಿನೊಳಗಿಂದ. ಅವ್ರು ಮರಕ್ಕೆ ಹೊಡೆಸಿದ್ರು. ಗಾಳೀಲಿ ತೇಲಿ ಬಂದಿದ್ದನ್ನ ನಿಮ್ಮ ಪಂಪು ಎಳ್ಕೊಂಡು ನೀರಿಗೆ ಕಲೆಸಿತು. ಯಾರೂ ಕೈ ಹಾಕಿಲ್ಲ. ಈಗ ತಾನೇ ನಾವಿಬ್ರೂ ನೋಡ್ತಿರುವಾಗಲೇ ಉಕ್ತು. ಹೋದ ತಿಂಗಳು ಉಕ್ಕಿದ್ದೂ ಹೀಗೇ ಇರ್ಬೇಕು."

ನಟರಾಜು ಕಿಟಕಿಯ ಕಡೆ ನೋಡಿದರು. ಸುರುಳಿಯಾಗಿ ನೆಲದ ಮೇಲೆ ಬಿದ್ದಿದ್ದ ಪೈಪಿನ ಕಡೆ ನೋಡಿದರು. ಮೋಟರಿನ ಕಸುಬಿನವರು, ಅದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ. ಬಿದ್ದ ಚೀಲದ ಮೇಲೇ ಕುಸಿದು ಕೂತರು.

"ಪೈಪ್ ಹೊರಗೆ ಬುಟ್ಟಿದ್ದು ನಾನೇ" ಎಂದರು, ಯಾರಿಗೂ ಅಲ್ಲದಂತೆ.

"ನಂಗೆ ಪೈಪೈತೆ ಅಂತ್ಲೇ ಗೊತ್ತಿರ್ಲಿಲ್ಲ ಕಣ್ಲಾ" ಎಂದರು ಬಸವರಾಜಪ್ಪ. "ಗೊತ್ತಿದ್ರೆ ಆ ಸಾಲು ಹೊಡುಸ್ತಾನೆ ಇರ್ಲಿಲ್ಲ."

ನಾನು ಖಾಲಿ ಡ್ರಮ್ಮನ್ನು ನಡುವೆ ಎಳೆದು, "ಹವಳ ಇನ್ನೂ ಜೀವ ಹಿಡ್ಕೊಂಡಿವೆ. ನೀರು ಕಲಸೋಣ" ಎಂದೆ. ನಟರಾಜು ಎದ್ದು ಚೀಲದ ಬಾಯಿ ಬಿಚ್ಚಿದರು. ಅಣ್ಣ ಕ್ಯಾನು ಎತ್ತಿ ಡ್ರಮ್ಮಿಗೆ ಸುರಿದರು. ನಾನು ಉಪ್ಪಿನಂಶ ಅಳೆಯುತ್ತಾ "ಇನ್ನೊಂದು ಬಟ್ಟಲು", "ಸಾಕು" ಎನ್ನುತ್ತಿದ್ದೆ. ಮಧ್ಯಾಹ್ನ ಸರಿದು ಸಂಜೆಯಾಗುವವರೆಗೆ ಮೂವರೂ ನೀರು ತೆಗೆದು ನೀರು ತುಂಬಿದೆವು. ಅಣ್ಣ ತಮ್ಮ ಇಬ್ಬರೂ ಮಾತಾಡಿದ್ದು ನನ್ನ ಜೊತೆ ಮಾತ್ರ. ಪೊಲೀಸ್ ಸ್ಟೇಷನ್ನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎಲ್ಲವೂ ಉಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸೀಗಡಿಗಳೆಲ್ಲ ಹೋದವು. ಬೇವಿನ ಅಂಶವೂ ಸೋಪೂ ಅವುಗಳ ಪಾಲಿಗೆ ವಿಷವೇ. ಉದ್ದ ಎಳೆಗಳ ಹವಳಗಳು ಮುಂದಿನ ದಿನಗಳಲ್ಲಿ ಒಂದೊಂದಾಗಿ ಕರಗಿ, ಬಿಳಿ ಅಸ್ಥಿಪಂಜರವಷ್ಟೇ ಉಳಿಯಿತು. ಗಟ್ಟಿ ಜಾತಿಯ ಕೆಲವು ಚೇತರಿಸಿಕೊಂಡವು. ಕ್ಲೌನ್ ಜೋಡಿ ಬದುಕಿತು. ಸ್ಕಿಮ್ಮರನ್ನು ಪೂರ್ತಿ ಬಿಚ್ಚಿ, ಪಂಪಿನ ಚಕ್ರದಿಂದ ಹಿಡಿದು ಕಪ್ಪಿನ ರಬ್ಬರಿನವರೆಗೆ ವಿನೆಗರಿನಲ್ಲಿ ತೊಳೆದೆ. ಹೊರಗಿನ ಪೈಪನ್ನು ಬಿಸಾಕಿ, ಗಾಳಿಯ ಬಾಯಿಗೆ ಕಾರ್ಬನ್ ಡೈಆಕ್ಸೈಡ್ ಹೀರುವ ಪುಟ್ಟ ಡಬ್ಬಿ ಜೋಡಿಸಿದೆ. ಒಳಗಿನ ಗಾಳಿ ಅದರ ಮೂಲಕ ಹೋದರೆ ಪಿಎಚ್ ಕೂಡ ಇಳಿಯುವುದಿಲ್ಲ, ತೋಟದ ಔಷಧಿಯ ಭಯವೂ ಇಲ್ಲ. ಕಪ್ಪಿನಲ್ಲಿ ಮತ್ತೆ ಕಂದು ನೀರು ಸೇರಿ, ಮೂಗು ಮುಚ್ಚಿಕೊಳ್ಳುವಂಥ ನಾತ ಬಂದ ದಿನ ಕುಸುಮಾ ಖುಷಿಯಿಂದ ಫೋನ್ ಮಾಡಿದ್ದರು.

ಅಣ್ಣ ತಮ್ಮಂದಿರು ತಬ್ಬಿಕೊಂಡು ಒಂದಾದರು ಎಂದೂ ಹೇಳಲಾರೆ. ಬೋರ್‌ವೆಲ್ಲಿನ ವ್ಯಾಜ್ಯ ಹಾಗೇ ಇದೆ. ಆದರೆ ಮೇ ತಿಂಗಳಲ್ಲಿ ನಾನು ಸ್ಕಿಮ್ಮರ್ ತೊಳೆಯುತ್ತಿದ್ದಾಗ ನಟರಾಜು ಅವರ ಫೋನು ಸದ್ದು ಮಾಡಿತು. ನೋಡಿ, ನನ್ನ ಮುಂದೆ ಹಿಡಿದರು. ಅಣ್ಣನಿಂದ ಬಂದ ಮೆಸೇಜು: "ನಾಳೆ ಬೆಳಿಗ್ಗೆ ಔಷಧಿ ಹೊಡುಸ್ತೀನಿ. ಕಿಟಕಿ ಹಾಕ್ಕೊ." ಅವರು ಬಹಳ ಹೊತ್ತು ಏನೇನೋ ಒತ್ತಿ ಅಳಿಸಿ, ಕೊನೆಗೆ "ಸರಿ ಅಣ್ಣ" ಎಂದಷ್ಟೇ ಕಳಿಸಿದರು.

ಈ ಕೆಲಸದಲ್ಲಿ ನಾನು ಮೊದಲಿನಿಂದ ಕಲಿತಿದ್ದದ್ದು ಕಾರಣವನ್ನು ಹುಡುಕುವುದು. ಬಿಳಿಗೆರೆ ನನಗೆ ಕಲಿಸಿದ್ದು, ಹುಡುಕುವುದು ಮುಗಿಯುವ ಮೊದಲೇ ಅರ್ಧ ಉತ್ತರವನ್ನು ಬಾಯಿಗೆ ತರಬಾರದು ಎಂಬುದನ್ನು. "ಸೋಪು" ಎಂಬ ನನ್ನ ಮಾತು ನಿಜವೇ ಆಗಿತ್ತು. ಅದು ಎಲ್ಲಿಂದ, ಯಾವ ದಾರಿಯಲ್ಲಿ ಬಂತು ಎಂಬುದೂ ಸೇರಿದಾಗಲೇ ಆ ನಿಜ ಪೂರ್ತಿಯಾದದ್ದು. ಈಗ ಯಾರ ಮನೆಯ ತೊಟ್ಟಿ ಕೆಟ್ಟಿದೆ ಎಂದು ಕರೆ ಬಂದರೂ, ಯಾರು ಏನು ಮಾಡಿದರು ಎಂದು ಅವರು ಹೇಳಲು ಶುರು ಮಾಡಿದರೆ, ನಾನು ತಡೆದು ಒಂದೇ ಕೇಳುತ್ತೇನೆ: "ಅದೆಲ್ಲ ಆಮೇಲೆ. ಒಳಗೆ ಹೋಗೋ ದಾರಿಗಳು ಎಷ್ಟಿವೆ, ಅದನ್ನ ಹೇಳಿ."